ಗಿದ್ಯೋನನ ಕರೆ: ಸಂದೇಹಪಟ್ಟವನನ್ನು ದೇವರು ನಾಯಕನಾಗಿ ಆರಿಸಿಕೊಂಡ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 6ರಿಂದ 8ನೇ ಅಧ್ಯಾಯಗಳನ್ನು ಓದುವವರು, ಅದರಲ್ಲೂ ಅಧ್ಯಯನ ಕೂಟ ನಡೆಸುವವರು ಮತ್ತು ಸಭೆಯಲ್ಲಿ ಹೊಣೆ ಹೊರಲು ಹಿಂಜರಿಯುವವರು, ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಪಠ್ಯದಲ್ಲಿ ಇರುವುದು ಯಾವುದು, ಓದುಗರು ಊಹಿಸಿಕೊಂಡದ್ದು ಯಾವುದು ಎಂಬುದನ್ನು ಆದಷ್ಟು ಬೇರೆಯಾಗಿಯೇ ಇಟ್ಟಿದ್ದೇವೆ.

ಗಿದ್ಯೋನನು ಯಾರು?

ಇಸ್ರಾಯೇಲಿನಲ್ಲಿ ಇನ್ನೂ ಅರಸರಿಲ್ಲದ ಕಾಲದಲ್ಲಿ, ಮನಸ್ಸೆ ಕುಲದ ಅಬೀಯೆಜೆರನ ಗೋತ್ರದಲ್ಲಿ ಹುಟ್ಟಿದವನು. ಊರು ಒಫ್ರ, ತಂದೆ ಯೋವಾಷ. ಮಿದ್ಯಾನ್ಯರು, ಅಮಾಲೇಕ್ಯರು ಮತ್ತು ಪೂರ್ವದಿಕ್ಕಿನವರು ಏಳು ವರ್ಷ ದೇಶವನ್ನು ಸುಲಿಯುತ್ತಿದ್ದಾಗ ದೇವರು ಅವನನ್ನು ಕರೆದು ಜನರನ್ನು ಬಿಡಿಸಲು ಕಳುಹಿಸಿದನು. ಯೆರುಬ್ಬಾಳ ಎಂಬ ಇನ್ನೊಂದು ಹೆಸರೂ ಅವನಿಗಿದೆ.

ಅವನು ದ್ರಾಕ್ಷೆಯ ಆಲೆಯಲ್ಲಿ ಗೋದಿ ಬಡಿಯುತ್ತಿದ್ದುದೇಕೆ?

ಗೋದಿಯನ್ನು ಒಕ್ಕುವ ಜಾಗ ಕಣ. ಕಣವು ಗಾಳಿ ಬೀಸುವ ಎತ್ತರದ ಬಯಲಿನಲ್ಲಿರುತ್ತಿತ್ತು. ಎತ್ತುಗಳಿಂದ ತುಳಿಸಿ, ತೂರಿ, ಹೊಟ್ಟನ್ನು ಗಾಳಿಗೆ ಬಿಡುತ್ತಿದ್ದರು. ಆ ಧೂಳು ದೂರಕ್ಕೆ ಕಾಣುತ್ತದೆ, ಮಿದ್ಯಾನ್ಯರಿಗೂ ಕಾಣುತ್ತದೆ. ದ್ರಾಕ್ಷೆಯ ಆಲೆಯಾದರೋ ಬಂಡೆಯಲ್ಲಿ ಕೊರೆದ ಇಕ್ಕಟ್ಟಾದ ತೊಟ್ಟಿ. ಅಲ್ಲಿ ಗಾಳಿಯಿಲ್ಲ, ಎತ್ತುಗಳಿಗೆ ಜಾಗವಿಲ್ಲ. ಒಬ್ಬನು ಬಗ್ಗಿ ನಿಂತು ಕೋಲಿನಿಂದ ತೆನೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಡಿಯಬೇಕು, ಹೊಟ್ಟು ಅವನ ಮೈಮೇಲೆಯೇ ಬೀಳುತ್ತದೆ. ಗೋದಿಯ ಸುಗ್ಗಿಯಾದ ಎರಡು ಮೂರು ತಿಂಗಳಿಗೆ ದ್ರಾಕ್ಷೆ ಮಾಗುವುದರಿಂದ, ಆ ಹೊತ್ತಿನಲ್ಲಿ ಆಲೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಇದು ಬರೀ ಹೇಡಿತನವಲ್ಲ, ಮನೆಯವರ ಹೊಟ್ಟೆಗೆ ಬೇಕಾದಷ್ಟನ್ನಾದರೂ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯವೂ ಹೌದು. ಶತ್ರುಗಳು ಮಿಡತೆಗಳಂತೆ ಬಂದು, ಗಾಜದವರೆಗೂ ಬೆಳೆಯನ್ನು ಹಾಳುಮಾಡಿ, ಕುರಿ, ದನ, ಕತ್ತೆ ಯಾವುದನ್ನೂ ಬಿಡದೆ ಹೋಗುತ್ತಿದ್ದರು ಎಂದು ಅದೇ ಅಧ್ಯಾಯ ಹೇಳುತ್ತದೆ. ಜನರು ಬೆಟ್ಟಗಳ ಗುಹೆಗಳಲ್ಲಿ ವಾಸಿಸುತ್ತಿದ್ದ ಕಾಲವದು.

ಬಚ್ಚಿಟ್ಟುಕೊಂಡು ದುಡಿಯುವವನನ್ನು ದೂತನು ಪರಾಕ್ರಮಶಾಲಿ ಎಂದು ಕರೆದದ್ದು ವ್ಯಂಗ್ಯವೇ?

ಆಲೆಯ ಬಳಿ ಕಾಣಿಸಿಕೊಂಡ ಯೆಹೋವನ ದೂತನು ಗಿದ್ಯೋನನನ್ನು, ಪರಾಕ್ರಮಶಾಲಿಯೇ, ಯೆಹೋವನು ನಿನ್ನ ಸಂಗಡ ಇದ್ದಾನೆ ಎಂದು ವಂದಿಸಿದನು. ಇದನ್ನು ವ್ಯಂಗ್ಯವೆಂದು ಓದುವವರಿದ್ದಾರೆ, ಮುಂದೆ ಅವನು ಏನಾಗುವನೋ ಅದನ್ನು ಮುಂಚಿತವಾಗಿ ಹೇಳಿದ್ದು ಎನ್ನುವವರೂ ಇದ್ದಾರೆ. ಎರಡನೆಯದು ಪಠ್ಯಕ್ಕೆ ಹೆಚ್ಚು ಹೊಂದುತ್ತದೆ ಎಂದು ನಮ್ಮ ಅಭಿಪ್ರಾಯ. ಹಾಗೆಂದು ಆ ಒಂದು ಪದಕ್ಕೆ ಪ್ರಸಂಗಗಳಲ್ಲಿ ಸಿಗುತ್ತಿರುವ ಮಹತ್ವ ಸ್ವಲ್ಪ ಅತಿಯಾಯಿತು. ಗಿದ್ಯೋನನೇ ಅದಕ್ಕೆ ಕಿವಿಗೊಡಲಿಲ್ಲ. ಅವನ ಮನಸ್ಸು ನಿಂತದ್ದು ಆ ವಂದನೆಯ ಇನ್ನೊಂದು ಭಾಗದ ಮೇಲೆ, ಯೆಹೋವನು ನಿನ್ನ ಸಂಗಡ ಇದ್ದಾನೆ ಎಂಬ ಮಾತಿನ ಮೇಲೆ. ಅವನು ತಕರಾರು ತೆಗೆದದ್ದೂ ಅಲ್ಲಿಯೇ.

ದೇವದೂತನಿಗೇ ಎದುರು ಪ್ರಶ್ನೆ ಹಾಕಿದ್ದು ಅಪನಂಬಿಕೆಯಲ್ಲವೇ?

ಯೆಹೋವನು ನಮ್ಮ ಸಂಗಡ ಇದ್ದರೆ ಇದೆಲ್ಲ ನಮಗೆ ಏಕೆ ಸಂಭವಿಸಿತು, ಐಗುಪ್ತದಿಂದ ಬಿಡಿಸಿದನೆಂದು ನಮ್ಮ ಹಿರಿಯರು ಹೇಳುತ್ತಿದ್ದ ಅದ್ಭುತಗಳೆಲ್ಲ ಎಲ್ಲಿ ಹೋದವು ಎಂಬುದು ಅವನ ಪ್ರಶ್ನೆ. ಇದನ್ನು ಕೇಳುವವನು ದೇವರನ್ನು ಮರೆತವನಲ್ಲ. ಹಿರಿಯರ ಸಾಕ್ಷಿಯನ್ನು ಗಮನವಿಟ್ಟು ಕೇಳಿಸಿಕೊಂಡು, ಅದನ್ನು ತನ್ನ ಕಣ್ಣೆದುರಿನ ಹಸಿವಿನ ಜೊತೆಗೆ ಇಟ್ಟು ನೋಡಿ, ಎರಡೂ ಹೊಂದುತ್ತಿಲ್ಲವೆಂದು ಕೊರಗುತ್ತಿರುವವನು. ನಂಬಿಕೆಯನ್ನು ಪೂರ್ತಿ ಕೈಬಿಟ್ಟವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ದೇವರು ಇದಕ್ಕೆ ಕೊಟ್ಟ ಉತ್ತರ ಇನ್ನೂ ಗಮನಾರ್ಹವಾಗಿದೆ. ಏಕೆ ಸಂಭವಿಸಿತು ಎಂಬುದರ ವಿವರಣೆ ಅಲ್ಲಿಲ್ಲ. ಆ ವಿವರಣೆಯನ್ನು ಕೆಲವೇ ವಚನಗಳ ಹಿಂದೆ ಹೆಸರಿಲ್ಲದ ಒಬ್ಬ ಪ್ರವಾದಿಯು ಇಡೀ ಜನಾಂಗಕ್ಕೆ ಕೊಟ್ಟಾಗಿದೆ: ಜನರು ಅಮೋರಿಯರ ದೇವರುಗಳ ಕಡೆಗೆ ತಿರುಗಿದ್ದರು. ಗಿದ್ಯೋನನಿಗಾದರೋ ಗದರಿಕೆಯೂ ಇಲ್ಲ, ಪಾಠವೂ ಇಲ್ಲ. ನಿನಗಿರುವ ಈ ಬಲದಿಂದಲೇ ಹೋಗಿ ಇಸ್ರಾಯೇಲನ್ನು ಬಿಡಿಸು, ನಿನ್ನನ್ನು ಕಳುಹಿಸುತ್ತಿರುವವನು ನಾನಲ್ಲವೇ ಎಂಬ ಅಪ್ಪಣೆ ಮಾತ್ರ ಇದೆ. ಪ್ರಶ್ನೆ ಕೇಳಿದವನ ಕೈಗೇ ಕೆಲಸವನ್ನು ಕೊಡಲಾಯಿತು. ಅವನ ಸಂದೇಹ ತೀರಲಿ, ಆಮೇಲೆ ಕಳುಹಿಸೋಣ ಎಂದು ದೇವರು ಕಾಯಲಿಲ್ಲ. ಇಡೀ ಕಥೆಯನ್ನು ಓದುವಾಗ ನೆನಪಿನಲ್ಲಿಡಬೇಕಾದ ಸಂಗತಿ ಇದು.

ತನ್ನ ಮನೆತನ ಕನಿಷ್ಠವಾದದ್ದು ಎಂದು ಅವನು ಹೇಳಿದ್ದು ನಿಜವೇ?

ಪೂರ್ತಿ ನಿಜವೆಂದು ಹೇಳುವುದು ಕಷ್ಟ. ಮನಸ್ಸೆಯಲ್ಲಿ ತನ್ನ ಗೋತ್ರವೇ ಬಡವಾದದ್ದು, ಮನೆಯಲ್ಲಿ ತಾನೇ ಅಲ್ಪನು ಎಂದನು. ಆದರೆ ಊರಿನಲ್ಲಿ ಬಾಳನೆಂಬ ಕಾನಾನ್ಯರ ದೇವರ ಯಜ್ಞವೇದಿ ಇದ್ದದ್ದು ಅವನ ತಂದೆಯ ಸ್ವಾಧೀನದಲ್ಲಿ. ತಂದೆಗೆ ಎತ್ತುಗಳಿದ್ದವು, ಗಿದ್ಯೋನನ ಕೈಕೆಳಗೆ ಕನಿಷ್ಠ ಹತ್ತು ಮಂದಿ ಆಳುಗಳಿದ್ದರು. ಧಾನ್ಯಕ್ಕೆ ಬರವಿದ್ದ ಆ ದಿನಗಳಲ್ಲಿಯೂ ಅವನು ಅತಿಥಿಗಾಗಿ ಒಂದು ಏಫಾ ಹಿಟ್ಟಿನ, ಅಂದರೆ ಸುಮಾರು 22 ಲೀಟರ್ ಅಳತೆಯ ಹಿಟ್ಟಿನ ರೊಟ್ಟಿಗಳನ್ನೂ ಒಂದು ಹೋತಮರಿಯ ಮಾಂಸವನ್ನೂ ತಂದಿಟ್ಟನು. ಹೊಣೆಯಿಂದ ನುಣುಚಿಕೊಳ್ಳಬೇಕೆನ್ನುವವನು ತನ್ನನ್ನು ಇರುವುದಕ್ಕಿಂತ ಚಿಕ್ಕವನಾಗಿ ಹೇಳಿಕೊಳ್ಳುವುದು ಹೊಸದೇನಲ್ಲ. ದೇವರು ಆ ಮಾತಿನ ಸತ್ಯಾಸತ್ಯತೆಯನ್ನು ಚರ್ಚಿಸಲು ಹೋಗಲಿಲ್ಲ. ನಾನು ನಿನ್ನ ಸಂಗಡ ಇರುವೆನು ಎಂದಷ್ಟೇ ಹೇಳಿದನು.

ಮೊದಲ ಕೆಲಸ ಯುದ್ಧವಾಗಿರದೆ ತಂದೆಯ ಯಜ್ಞವೇದಿಯನ್ನು ಕೆಡವುವುದಾಗಿದ್ದುದೇಕೆ? ಅದನ್ನೂ ರಾತ್ರಿಯಲ್ಲಿ ಮಾಡಿದ್ದುದೇಕೆ?

ಜನರ ಕಷ್ಟದ ಮೂಲ ಮಿದ್ಯಾನ್ಯರ ಪಾಳೆಯದಲ್ಲಿರಲಿಲ್ಲ, ಯೋವಾಷನ ಅಂಗಳದಲ್ಲಿತ್ತು. ಆದ್ದರಿಂದ ಅದೇ ರಾತ್ರಿ ಬಾಳನ ಯಜ್ಞವೇದಿಯನ್ನು ಕೆಡವಿ, ಪಕ್ಕದಲ್ಲಿದ್ದ ಅಶೇರ ಎಂಬ ದೇವಿಯ ಸ್ತಂಭವನ್ನು ಕಡಿದು, ಆ ಕಟ್ಟಿಗೆಯಿಂದಲೇ ಏಳು ವರ್ಷದ ಹೋರಿಯನ್ನು ಯೆಹೋವನಿಗೆ ಸರ್ವಾಂಗಹೋಮ ಮಾಡಬೇಕೆಂಬ ಅಪ್ಪಣೆಯಾಯಿತು. ಹೋರಿಯ ವಯಸ್ಸೂ ದಬ್ಬಾಳಿಕೆಯ ಅವಧಿಯೂ ಒಂದೇ ಆಗಿರುವುದನ್ನು ಓದುಗರು ಗಮನಿಸಬಹುದು.

ರಾತ್ರಿಯಲ್ಲಿ ಮಾಡಿದ ಕಾರಣವನ್ನು ಪಠ್ಯ ಮುಚ್ಚಿಡುವುದಿಲ್ಲ: ತಂದೆಯ ಮನೆಯವರಿಗೂ ಊರಿನವರಿಗೂ ಅವನು ಹೆದರಿದನು. ಹೆದರಿಯೂ ಮಾಡಿದನು. ಬೆಳಗಾದಾಗ ಊರಿನವರು ಅವನ ಪ್ರಾಣ ಕೇಳಲು ಬಂದರೆ, ಯಾರ ಭಯ ಅವನಿಗಿತ್ತೋ ಆ ತಂದೆಯೇ ಮಗನ ಪರವಾಗಿ ನಿಂತು, ಬಾಳನು ದೇವರಾಗಿದ್ದರೆ ತನ್ನ ವ್ಯಾಜ್ಯವನ್ನು ತಾನೇ ನಡೆಸಲಿ ಎಂದುಬಿಟ್ಟನು. ಯೆರುಬ್ಬಾಳ ಎಂಬ ಹೆಸರು ಬಂದದ್ದು ಹೀಗೆ. ತನ್ನ ಅಂಗಳದಲ್ಲಿ ವೇದಿಯನ್ನು ಇಟ್ಟುಕೊಂಡಿದ್ದ ಯೋವಾಷನು ಒಂದೇ ಬೆಳಗಿನಲ್ಲಿ ಇಷ್ಟು ಬದಲಾದದ್ದು ಹೇಗೆ ಎಂಬುದು ಕಥೆಯ ಕುತೂಹಲಕರ ಮೌನಗಳಲ್ಲಿ ಒಂದು.

ತುಪ್ಪಟದ ಗುರುತನ್ನು ಎರಡು ಸಾರಿ ಕೇಳಿದ್ದುದೇಕೆ?

ಮೊದಲನೆಯ ರಾತ್ರಿ ಅವನು ಕುರಿಯ ತುಪ್ಪಟವನ್ನು ಕಣದಲ್ಲಿ ಹಾಸಿ, ಅದು ಮಾತ್ರ ಒದ್ದೆಯಾಗಿ ಸುತ್ತಲಿನ ನೆಲ ಒಣಗಿರಬೇಕೆಂದು ಕೇಳಿದನು. ಬೆಳಿಗ್ಗೆ ಎದ್ದು ಹಿಂಡಿದಾಗ ಒಂದು ಬಟ್ಟಲು ತುಂಬ ನೀರು ಬಂತು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಉಣ್ಣೆಯು ಸ್ವಭಾವತಃ ಮಂಜನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಗಟ್ಟಿ ಮಾಡಿದ ಕಣದ ನೆಲವಾದರೋ ಬೇಗ ಆರುತ್ತದೆ. ಹಾಗಾಗಿ ತಾನು ಕೇಳಿದ ಗುರುತು ತಾನಾಗಿಯೇ ಆಗಿರಬಹುದು ಎಂಬ ಅನುಮಾನ ಒಕ್ಕಲು ಮನೆಯವನಾದ ಅವನಿಗೆ ಹುಟ್ಟಿರಬಹುದೆಂದು ಹಲವು ವ್ಯಾಖ್ಯಾನಕಾರರು ಭಾವಿಸುತ್ತಾರೆ. ಎರಡನೆಯ ರಾತ್ರಿ ಅವನು ಅದನ್ನು ತಿರುಗಿಸಿ, ತುಪ್ಪಟ ಒಣಗಿದ್ದು ನೆಲವೆಲ್ಲ ಒದ್ದೆಯಾಗಿರಲಿ ಎಂದನು. ಇದು ತಾನಾಗಿ ಆಗುವಂಥದ್ದಲ್ಲ. ಹಾಗೆಯೇ ಆಯಿತು.

ಇಲ್ಲಿ ಎರಡು ಸಂಗತಿಗಳನ್ನು ತೂಗಿ ನೋಡಬೇಕು. ಅವನು ಕೇಳುವಾಗಲೇ, ನೀನು ಹೇಳಿದಂತೆ ನನ್ನ ಮೂಲಕ ಇಸ್ರಾಯೇಲನ್ನು ರಕ್ಷಿಸುವುದಾದರೆ ಎಂದು ಆರಂಭಿಸುತ್ತಾನೆ. ಅಂದರೆ ದೇವರ ಮಾತು ಏನೆಂದು ಅವನಿಗೆ ಮೊದಲೇ ಗೊತ್ತಿತ್ತು, ಅವನು ಹುಡುಕುತ್ತಿದ್ದದ್ದು ಮಾರ್ಗದರ್ಶನವನ್ನಲ್ಲ, ಧೈರ್ಯವನ್ನು. ಎರಡನೆಯ ಸಾರಿ ಕೇಳುವಾಗ, ನನ್ನ ಮೇಲೆ ಕೋಪ ಮಾಡಬೇಡ ಎಂದು ಬೇಡಿಕೊಳ್ಳುತ್ತಾನೆ; ತಾನು ಮಿತಿ ಮೀರುತ್ತಿದ್ದೇನೆಂದು ಅವನಿಗೇ ತಿಳಿದಿತ್ತು. ಅವನು ಮಾಡಿದ್ದು ಸರಿಯೆಂದು ಪಠ್ಯ ಎಲ್ಲಿಯೂ ಹೇಳುವುದಿಲ್ಲ, ತಪ್ಪೆಂದೂ ಹೇಳುವುದಿಲ್ಲ. ದೇವರು ಕೋಪಿಸಿಕೊಳ್ಳದೆ ಎರಡು ಸಾರಿಯೂ ನಡೆಸಿಕೊಟ್ಟನು ಎಂಬುದನ್ನಷ್ಟೇ ಅದು ದಾಖಲಿಸುತ್ತದೆ.

ಹಾಗಾದರೆ ನಾವೂ ತುಪ್ಪಟ ಹಾಸಬಹುದೇ?

ಇದನ್ನು ನಿಯಮವನ್ನಾಗಿ ಮಾಡಿಕೊಳ್ಳಬಾರದು. ದೇವರನ್ನು ಪರೀಕ್ಷಿಸಬಾರದೆಂದು ಧರ್ಮೋಪದೇಶಕಾಂಡ 6:16 ಹೇಳುತ್ತದೆ, ಯೇಸುವೂ ಅರಣ್ಯದಲ್ಲಿ ಸೈತಾನನಿಗೆ ಅದೇ ವಚನದಿಂದ ಉತ್ತರಿಸಿದನು. ತನಗೆ ಯೋಹಾನನೆಂಬ ಮಗ ಹುಟ್ಟುವನೆಂಬ ಸುದ್ದಿಯನ್ನು ನಂಬದೆ, ಇದನ್ನು ನಾನು ಹೇಗೆ ತಿಳಿದುಕೊಳ್ಳಲಿ ಎಂದು ಕೇಳಿದ ಯಾಜಕ ಜಕರೀಯನು ಮಗುವಿಗೆ ಹೆಸರಿಡುವ ದಿನದವರೆಗೆ ಮೂಕನಾಗಿದ್ದನು. ಇನ್ನೊಂದು ಕಡೆ, ಗುರುತನ್ನು ಕೇಳಿಕೋ ಎಂದು ದೇವರೇ ಹೇಳಿದಾಗ ಬೇಡವೆಂದ ಅರಸ ಆಹಾಜನನ್ನು ಪ್ರವಾದಿ ಯೆಶಾಯನು ಗದರಿಸಿದನು. ಕೇಳುವುದು ಅಥವಾ ಕೇಳದಿರುವುದು ಮಾತ್ರವೇ ಪ್ರಶ್ನೆಯಾಗಿದ್ದರೆ ಈ ಮೂವರ ಕಥೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ವಿಧೇಯನಾಗಲು ಬಲ ಬೇಕೆಂದು ಕೇಳುವುದು ಬೇರೆ, ವಿಧೇಯತೆಯನ್ನು ಮುಂದೂಡಲು ಕೇಳುವುದು ಬೇರೆ. ಸ್ಪಷ್ಟವಾಗಿ ತಿಳಿದ ಕರ್ತವ್ಯಕ್ಕೆ ಮತ್ತೆ ಮತ್ತೆ ಗುರುತು ಕೇಳುತ್ತಾ ಹೋಗುವವರು ಗಿದ್ಯೋನನ ಹೆಸರನ್ನು ನೆಪವಾಗಿ ಬಳಸುತ್ತಿರುವುದನ್ನು ಕಾಣುತ್ತೇವೆ. ಅವನು ಎರಡನೆಯ ಬೆಳಗಿನ ನಂತರ ಕೊಂಬೂದಿ ಸೇರಿಸಿದ ಸೈನ್ಯದೊಂದಿಗೆ ಹೊರಟುಬಿಟ್ಟನು ಎಂಬುದನ್ನು ಅವರು ಓದಿದಂತಿಲ್ಲ.

ಸೈನ್ಯವನ್ನು 300ಕ್ಕೆ ಇಳಿಸಿದ್ದುದೇಕೆ?

ಮನಸ್ಸೆ, ಅಶೇರ್, ಜೆಬುಲೂನ್ ಮತ್ತು ನಫ್ತಾಲಿ ಕುಲಗಳಿಂದ ಬಂದವರು 32,000 ಮಂದಿ. ಗಿಲ್ಬೋವ ಬೆಟ್ಟದ ಬುಡದಲ್ಲಿದೆಯೆಂದು ಗುರುತಿಸಲಾಗಿರುವ ಹರೋದ್ ಬುಗ್ಗೆಯ ಬಳಿ ಅವರು ಇಳಿದುಕೊಂಡಿದ್ದರು. ಉತ್ತರಕ್ಕೆ, ಮೋರೆ ಗುಡ್ಡದ ಹತ್ತಿರದ ಕಣಿವೆಯಲ್ಲಿ ಶತ್ರುಗಳ ಪಾಳೆಯ. ಹೆದರುವವರು ಮನೆಗೆ ಹೋಗಲಿ ಎಂದು ಸಾರಿದಾಗ 22,000 ಮಂದಿ ಹೊರಟುಹೋದರು. ಅಂಥವರನ್ನು ಕಳುಹಿಸಿಬಿಡಬೇಕೆಂಬುದು ಧರ್ಮೋಪದೇಶಕಾಂಡ 20:8ರ ಯುದ್ಧನಿಯಮವೂ ಆಗಿದೆ. ಎಲ್ಲರಿಗಿಂತ ಮೊದಲು ಹೆದರಿದ್ದವನೇ ಆ ಘೋಷಣೆ ಮಾಡಬೇಕಾಗಿ ಬಂದದ್ದನ್ನು ಯೋಚಿಸಬೇಕು. ಉಳಿದ 10,000ದಲ್ಲಿ ನೀರಿನ ಬಳಿ, ಅದನ್ನು ನೆಕ್ಕಿ ಕುಡಿದದ್ದರಿಂದ ಆಯ್ಕೆಯಾದವರು 300; ಮೊಣಕಾಲೂರಿ ಕುಡಿದವರನ್ನು ಕಳುಹಿಸಿಬಿಡಲಾಯಿತು. ಶತ್ರುಗಳ ಒಟ್ಟು ಸಂಖ್ಯೆ 1,35,000 ಎಂದು ನ್ಯಾಯಸ್ಥಾಪಕರು 8:10ರಿಂದ ತಿಳಿಯುತ್ತದೆ, ಅಂದರೆ ಒಬ್ಬನಿಗೆ 450 ಮಂದಿ. ಕಾರಣವನ್ನು 7:2 ನೇರವಾಗಿ ಹೇಳುತ್ತದೆ: ನಮ್ಮ ಕೈಯೇ ನಮ್ಮನ್ನು ರಕ್ಷಿಸಿತು ಎಂದು ಇಸ್ರಾಯೇಲ್ಯರು ಕೊಚ್ಚಿಕೊಳ್ಳಬಾರದು.

ನೀರನ್ನು ನೆಕ್ಕಿ ಕುಡಿದವರು ಹೆಚ್ಚು ಎಚ್ಚರವುಳ್ಳವರಾಗಿದ್ದರೇ?

ಹಾಗೆಂದು ಪಠ್ಯ ಹೇಳುವುದಿಲ್ಲ. ಚುರುಕಾದ 300 ಯೋಧರು ಎಂಬ ವಿವರಣೆ ಜನಪ್ರಿಯವಾಗಿದ್ದರೂ, ಅದನ್ನು ಒಪ್ಪಿದರೆ ಕೊಚ್ಚಿಕೊಳ್ಳಲು ಮತ್ತೆ ಕಾರಣ ಸಿಕ್ಕಂತಾಗುತ್ತದೆ.

ಇಷ್ಟೆಲ್ಲ ಆದ ಮೇಲಾದರೂ ಅವನ ಭಯ ಹೋಯಿತೇ?

ಹೋಗಲಿಲ್ಲ. ದಾಳಿ ನಡೆದ ರಾತ್ರಿಯೇ, ಅದಕ್ಕೆ ಮುಂಚೆ, ದೇವರು ಅವನಿಗೆ, ಪಾಳೆಯದ ಮೇಲೆ ಇಳಿದು ಹೋಗು, ಹೋಗಲು ಭಯವಾದರೆ ನಿನ್ನ ಸೇವಕನಾದ ಪುರಾನೊಂದಿಗೆ ಮೊದಲು ಹೋಗಿ ಅವರ ಮಾತನ್ನು ಕೇಳಿಸಿಕೋ ಎಂದನು. ಗಿದ್ಯೋನನು ಭಯವಿಲ್ಲವೆಂದು ನಟಿಸಲಿಲ್ಲ, ಪುರಾನನ್ನು ಕರೆದುಕೊಂಡೇ ಹೋದನು. ಈ ಸಾರಿ ಗುರುತನ್ನು ಕೇಳಿದವನು ಅವನಲ್ಲ. ಕೇಳುವ ಮೊದಲೇ ಕೊಡಲಾಯಿತು. ಕತ್ತಲಲ್ಲಿ ಕಾವಲಿನ ಅಂಚಿನವರೆಗೆ ಹೋದಾಗ ಒಬ್ಬ ಮಿದ್ಯಾನ್ಯನು ತನ್ನ ಗೆಳೆಯನಿಗೆ ಕನಸನ್ನು ಹೇಳುತ್ತಿದ್ದನು: ಜವೆಗೋದಿಯ ಒಂದು ರೊಟ್ಟಿ ಉರುಳಿ ಬಂದು ಡೇರೆಗೆ ಬಡಿಯಿತು, ಡೇರೆ ಮಗುಚಿ ಬಿತ್ತು. ಗೆಳೆಯನು, ಅದು ಯೋವಾಷನ ಮಗನಾದ ಗಿದ್ಯೋನನ ಕತ್ತಿಯೇ ಎಂದನು. ಜವೆಗೋದಿ ಬಡವರ ಧಾನ್ಯ. ತನ್ನನ್ನು ಅಲ್ಪನೆಂದುಕೊಂಡವನಿಗೆ ಶತ್ರುವಿನ ಬಾಯಿಂದ ಅವನ ಭಾಷೆಯಲ್ಲೇ ಉತ್ತರ ಸಿಕ್ಕಿತು. ಅವನು ಅಲ್ಲಿಯೇ ಅಡ್ಡಬಿದ್ದು ಆರಾಧಿಸಿದನು.

ಕೊಂಬು, ಕೊಡ ಮತ್ತು ಪಂಜುಗಳಿಂದ ಗೆದ್ದದ್ದು ಹೇಗೆ?

ಮೂರು ಗುಂಪುಗಳಾಗಿ ಪಾಳೆಯವನ್ನು ಸುತ್ತುವರಿದು, ನಡುರಾತ್ರಿಯ ಜಾವದ ಕಾವಲುಗಾರರು ಆಗಷ್ಟೇ ಬದಲಾಗಿದ್ದ ಹೊತ್ತಿನಲ್ಲಿ ಎಲ್ಲರೂ ಒಮ್ಮೆಲೇ ಕೊಂಬೂದಿ, ಕೊಡಗಳನ್ನು ಒಡೆದು, ಒಳಗೆ ಮರೆಯಾಗಿದ್ದ ಪಂಜುಗಳನ್ನು ಎತ್ತಿ ಹಿಡಿದರು. ನಿದ್ದೆಗಣ್ಣಿನ ಪಾಳೆಯದಲ್ಲಿ ಒಬ್ಬರ ಮೇಲೊಬ್ಬರು ಕತ್ತಿ ಎತ್ತುವಂತೆ ಯೆಹೋವನು ಮಾಡಿದನು ಎಂದು 7:22 ಹೇಳುತ್ತದೆ. ಎಡಗೈಯಲ್ಲಿ ಪಂಜು, ಬಲಗೈಯಲ್ಲಿ ಕೊಂಬು ಹಿಡಿದವರಿಗೆ ಕತ್ತಿ ಹಿಡಿಯಲು ಕೈಯೇ ಉಳಿದಿರಲಿಲ್ಲ.

ಕರೆಗೆ ಹಿಂಜರಿದವರು ಬೈಬಲಿನಲ್ಲಿ ಬೇರೆ ಯಾರಿದ್ದಾರೆ?

ಮೋಶೆಯು ಮಾತು ಬಾರದವನೆಂದು ಹೇಳಿ, ಕೊನೆಗೆ ಬೇರೆ ಯಾರನ್ನಾದರೂ ಕಳುಹಿಸು ಎಂದೇ ಬೇಡಿದನು. ಯೆರೆಮೀಯನು ತಾನಿನ್ನೂ ಬಾಲಕನೆಂದನು. ಅರಸನಾಗಿ ಆರಿಸಲ್ಪಟ್ಟ ದಿನ ಸೌಲನು ಸಾಮಾನುಗಳ ನಡುವೆ ಅಡಗಿದ್ದನು. ಯೋನನು ಹಡಗು ಹತ್ತಿ ಓಡಿದನು. ಯೆಶಾಯನಂತೆ ತಾನಾಗಿ ಮುಂದೆ ಬಂದವರೂ ಇದ್ದಾರೆ, ಆದರೆ ವಿರಳ. ಹಿಂಜರಿಕೆಯೇ ಯೋಗ್ಯತೆಯ ಗುರುತು ಎಂದು ಇದರಿಂದ ತೀರ್ಮಾನಿಸಬಾರದು. ಅಡಗಿದ್ದ ಸೌಲನ ಆಳಿಕೆ ಹೇಗೆ ಮುಗಿಯಿತು ಎಂಬುದು ಎಲ್ಲರಿಗೂ ಗೊತ್ತು.

ಗೆದ್ದ ಮೇಲೆ ಅವನು ಒಳ್ಳೆಯ ನಾಯಕನಾಗಿದ್ದನೇ?

ಭಾನುವಾರದ ಪಾಠಗಳು ಸಾಮಾನ್ಯವಾಗಿ 7ನೇ ಅಧ್ಯಾಯಕ್ಕೆ ನಿಂತುಬಿಡುವುದರಿಂದ ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ. 8ನೇ ಅಧ್ಯಾಯವು ಒಳ್ಳೆಯದರಿಂದಲೇ ಆರಂಭವಾಗುತ್ತದೆ: ತಮ್ಮನ್ನು ಯುದ್ಧಕ್ಕೆ ಕರೆಯಲಿಲ್ಲವೆಂದು ಜಗಳಕ್ಕೆ ಬಂದ ಎಫ್ರಾಯೀಮ್ಯರಿಗೆ ಅವನು, ಅಬೀಯೆಜೆರನ ದ್ರಾಕ್ಷೆಯ ಸುಗ್ಗಿಗಿಂತ ನಿಮ್ಮ ಹಕ್ಕಲೇ ಮೇಲು ಎಂದು ಹೇಳಿ ಕೋಪವನ್ನು ತಣಿಸಿದನು. ತನ್ನನ್ನು ಚಿಕ್ಕದಾಗಿ ಹೇಳಿಕೊಳ್ಳುವ ಅದೇ ಅಭ್ಯಾಸ ಇಲ್ಲಿ ಜಾಣತನವಾಯಿತು.

ಯೊರ್ದನನ್ನು ದಾಟಿದ ಮೇಲೆ ಬೇರೆಯೇ ಮನುಷ್ಯನು ಕಾಣುತ್ತಾನೆ. ದಣಿದ 300 ಮಂದಿಗೆ ರೊಟ್ಟಿ ಕೊಡಲು ಸುಕ್ಕೋತಿನವರೂ ಪೆನೂವೇಲಿನವರೂ ನಿರಾಕರಿಸಿದರು. ಗೆಲ್ಲುವುದು ಯಾರೆಂದು ತಿಳಿಯದೆ ಹೆದರಿದ್ದ ಜನರು ಅವರು. ಹಿಂದಿರುಗುವಾಗ ಅವನು ಒಬ್ಬ ಯುವಕನನ್ನು ಹಿಡಿದು ಸುಕ್ಕೋತಿನ 77 ಮಂದಿ ಹಿರಿಯರ ಹೆಸರುಗಳನ್ನು ಬರೆಯಿಸಿಕೊಂಡು, ಅವರನ್ನು ಅಡವಿಯ ಮುಳ್ಳುಗಳಿಂದ ದಂಡಿಸಿದನು; ಪೆನೂವೇಲಿನ ಬುರುಜನ್ನು ಕೆಡವಿ ಊರಿನ ಗಂಡಸರನ್ನು ಕೊಂದನು. ಆಮೇಲೆ ತನ್ನ ಅಣ್ಣತಮ್ಮಂದಿರನ್ನು ಕೊಂದಿದ್ದ ಜೆಬಹ, ಚಲ್ಮುನ್ನರೆಂಬ ಸೆರೆಸಿಕ್ಕ ಅರಸರನ್ನು ಕೊಲ್ಲುವಂತೆ ಚೊಚ್ಚಲ ಮಗನಾದ ಯೆತೆರನಿಗೆ ಅಪ್ಪಣೆ ಮಾಡಿದನು. ಹುಡುಗನು ಭಯದಿಂದ ಕತ್ತಿಯನ್ನು ಹಿರಿಯಲಿಲ್ಲ. ಆಲೆಯಲ್ಲಿ ಅಡಗಿದ್ದವನಿಗೆ ಸಿಕ್ಕ ತಾಳ್ಮೆಯು, ಹೆದರಿದ ಊರುಗಳಿಗೂ ಹೆದರಿದ ಮಗನಿಗೂ ಅವನಿಂದ ಸಿಗಲಿಲ್ಲ.

ಓದುವಾಗ ಇನ್ನೊಂದನ್ನು ಗಮನಿಸಿ. ಆ ರಾತ್ರಿ ಕನಸನ್ನು ಕೇಳಿಸಿಕೊಳ್ಳುವ ಮುಂಚೆ ಹೇಳಿದ್ದೇ ದೇವರು ಗಿದ್ಯೋನನಿಗೆ ಆಡಿದ ಕೊನೆಯ ಮಾತು. 8ನೇ ಅಧ್ಯಾಯದುದ್ದಕ್ಕೂ ದೇವರು ಅವನೊಂದಿಗೆ ಮಾತಾಡಿದ ದಾಖಲೆಯಿಲ್ಲ, ಅವನು ದೇವರನ್ನು ಏನಾದರೂ ಕೇಳಿದ ದಾಖಲೆಯೂ ಇಲ್ಲ. ಪ್ರತಿ ಹೆಜ್ಜೆಗೂ ಕೇಳುತ್ತಿದ್ದ ದಿನಗಳಲ್ಲಿ ಅವನು ಎಡವಲಿಲ್ಲ. ಎಡವಿದ್ದು ಕೇಳುವುದನ್ನು ಬಿಟ್ಟ ಮೇಲೆ.

ಅರಸುತನವನ್ನು ನಿರಾಕರಿಸಿದವನು ಏಫೋದನ್ನು ಮಾಡಿಸಿದ್ದುದೇಕೆ?

ನೀನೂ ನಿನ್ನ ಮಗನೂ ಮೊಮ್ಮಗನೂ ನಮ್ಮನ್ನು ಆಳಿರಿ ಎಂದು ಜನರು ಕೇಳಿದಾಗ, ಯೆಹೋವನೇ ನಿಮ್ಮನ್ನು ಆಳುವನು ಎಂದು ಅವನು ಕೊಟ್ಟ ಉತ್ತರ ನಿಷ್ಕಳಂಕವಾದದ್ದು. ಅದರ ಬೆನ್ನಲ್ಲೇ ಸೂರೆಯ ಮುರುವುಗಳನ್ನು ಕೇಳಿ ಪಡೆದನು. ತೂಕ 1,700 ಶೆಕೆಲ್ ಚಿನ್ನ, ಸುಮಾರು 19 ಕಿಲೋ. ಅದರಿಂದ ಏಫೋದನ್ನು ಮಾಡಿಸಿ ಒಫ್ರದಲ್ಲಿಟ್ಟನು. ಏಫೋದು ಯಾಜಕನು ಧರಿಸುವಂಥದ್ದು, ದೇವರ ಚಿತ್ತವನ್ನು ವಿಚಾರಿಸುವುದಕ್ಕೂ ಬಳಕೆಯಾಗುತ್ತಿತ್ತು. ಅವನ ಉದ್ದೇಶವನ್ನು ಪಠ್ಯ ಹೇಳುವುದಿಲ್ಲ, ಫಲವನ್ನು ಹೇಳುತ್ತದೆ: ಜನರೆಲ್ಲರೂ ಅದನ್ನೇ ಪೂಜಿಸತೊಡಗಿದರು, ಅದು ಅವನಿಗೂ ಅವನ ಮನೆಗೂ ಉರುಲಾಯಿತು. ಒಂದು ವೇದಿಯನ್ನು ಕೆಡವಿದ ಊರಿನಲ್ಲಿಯೇ ಇನ್ನೊಂದು ಪೂಜಾವಸ್ತು ಎದ್ದು ನಿಂತಿತು. ಅರಸನಲ್ಲವೆಂದರೂ ಅವನಿಗೆ ಬಹು ಮಂದಿ ಹೆಂಡತಿಯರು, 70 ಮಂದಿ ಗಂಡುಮಕ್ಕಳು. ಮನೆಯ ವೈಭವ ಅರಸನದೇ.

ಹಾಗಿದ್ದರೂ ಇಬ್ರಿಯರಿಗೆ ಬರೆದ ಪತ್ರಿಕೆಯು ಅವನನ್ನು ನಂಬಿಕೆಯವರ ಪಟ್ಟಿಯಲ್ಲಿ ಸೇರಿಸಿದ್ದುದೇಕೆ?

11:32ರಲ್ಲಿ ಅವನ ಹೆಸರಿನ ಜೊತೆಗಿರುವವರು ಬಾರಾಕ, ಸಂಸೋನ, ಯೆಪ್ತಾಹ. ಯಾರ ಬದುಕೂ ಕಳಂಕವಿಲ್ಲದ್ದಲ್ಲ. ಬಲಹೀನರಾಗಿದ್ದು ಬಲಿಷ್ಠರಾದರು ಎಂದು ಮುಂದಿನ ವಚನಗಳು ಹೇಳುವುದು ಇಂಥವರನ್ನು ಕುರಿತೇ. ಅವನು ಬಿಡಿಸಿದ ದೇಶವು 40 ವರ್ಷ ಸಮಾಧಾನದಿಂದಿತ್ತು. ಏಫೋದು ಆ ಸತ್ಯವನ್ನು ಅಳಿಸುವುದಿಲ್ಲ, ಆ ಸತ್ಯವು ಏಫೋದನ್ನೂ ಮುಚ್ಚುವುದಿಲ್ಲ.

ಗಿದ್ಯೋನನ ಬಗ್ಗೆ ಬೈಬಲಿನ ಹೊರಗೆ ಆಧಾರವಿದೆಯೇ?

ನೇರ ಆಧಾರವಿಲ್ಲ. ಇಸ್ರೇಲಿನ ಖಿರ್ಬೆತ್ ಅಲ್-ರಾಯಿ ಎಂಬಲ್ಲಿನ ಉತ್ಖನನದಲ್ಲಿ ದೊರೆತ ಮಡಕೆಯ ಚೂರುಗಳ ಮೇಲೆ ಯೆರುಬ್ಬಾಳ ಎಂಬ ಹೆಸರು ಮಸಿಯಲ್ಲಿ ಬರೆದದ್ದಿದೆ ಎಂದು 2021ರಲ್ಲಿ ಪ್ರಕಟವಾಯಿತು; ಅದರ ಕಾಲ ಸುಮಾರು ಕ್ರಿ.ಪೂ. 1100. ಆ ಸ್ಥಳವು ಗಿದ್ಯೋನನು ಹೋರಾಡಿದ ಇಜ್ರೇಲ್ ಕಣಿವೆಯಿಂದ ಬಹಳ ದಕ್ಷಿಣಕ್ಕಿರುವುದರಿಂದ, ಇದು ಅದೇ ಹೆಸರಿನ ಬೇರೊಬ್ಬನದ್ದಿರಬಹುದು. ಆ ಕಾಲದಲ್ಲಿ ಅಂಥ ಹೆಸರು ಬಳಕೆಯಲ್ಲಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಹೊಣೆ ಹೊರಲು ಕರೆ ಬಂದಿದೆ, ಸಂದೇಹ ಹೋಗುತ್ತಿಲ್ಲ. ಕಾಯಬೇಕೇ?

ಸಂದೇಹ ತೀರಲೆಂದು ಕಾಯುವುದಕ್ಕೆ ಈ ಕಥೆಯಲ್ಲಿ ಆಧಾರವಿಲ್ಲ. ಸಂದೇಹವನ್ನು ದೇವರ ಮುಂದೆ ಬಾಯಿಬಿಟ್ಟು ಹೇಳುವುದಕ್ಕೆ ಬೇಕಾದಷ್ಟು ಆಧಾರವಿದೆ. ಮೊದಲು ಕೈಗೆ ಬಂದದ್ದು ಮನೆಯ ಅಂಗಳದ ಕೆಲಸವಾಗಿದ್ದರೆ ಅದನ್ನೇ ಮಾಡಬೇಕು, ಹಗಲಿನಲ್ಲಿ ಧೈರ್ಯ ಸಾಲದಿದ್ದರೆ ರಾತ್ರಿಯಲ್ಲಾದರೂ. ಜೊತೆಗೊಬ್ಬ ಪುರಾ ಬೇಕೆನಿಸಿದರೆ ನಾಚಿಕೊಳ್ಳಬೇಕಾಗಿಲ್ಲ. ಸಭೆಯ ಹಿರಿಯರಿಗೂ ಇಲ್ಲಿ ಒಂದು ಮಾತು ಹೇಳಬೇಕು: ಹಿಂಜರಿಯುವವನನ್ನು ಪರಾಕ್ರಮಶಾಲಿ ಎಂದು ಹೊಗಳಿ ಒಪ್ಪಿಸುವುದು ಸುಲಭ, ಅವನು ನಾಲ್ಕು ಸಾರಿ ಪ್ರಶ್ನೆ ಕೇಳಿದಾಗ ಕೋಪಿಸದೆ ಉತ್ತರಿಸುವುದು ಅಷ್ಟು ಸುಲಭವಲ್ಲ.

9ನೇ ಅಧ್ಯಾಯವನ್ನೂ ಓದಬೇಕೇ?

ಓದಲೇಬೇಕು. ಗಿದ್ಯೋನನಿಗೆ ಶೆಕೆಮಿನ ಉಪಪತ್ನಿಯಲ್ಲಿ ಹುಟ್ಟಿದ ಅಬೀಮೆಲೆಕನು, ತಂದೆ ಬೇಡವೆಂದ ಅರಸುತನಕ್ಕಾಗಿ ತನ್ನ ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಂದನು. ತಪ್ಪಿಸಿಕೊಂಡ ಕಿರಿಯವನಾದ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು, ಅರಸನನ್ನು ಹುಡುಕುತ್ತಾ ಹೊರಟ ಮರಗಳ ಕಥೆಯನ್ನು ಹೇಳಿದನು: ಎಣ್ಣೆಮರ, ಅಂಜೂರ, ದ್ರಾಕ್ಷೆಬಳ್ಳಿ ಮೂರೂ ತಮ್ಮ ಕೆಲಸ ಬಿಟ್ಟು ಬರಲಾರೆವೆಂದವು, ಮುಳ್ಳಿನ ಪೊದೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳದೆ, ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ ಎಂದಿತು. ಅಬೀಮೆಲೆಕನು ಮೂರು ವರ್ಷ ಆಳಿದನು. ತೇಬೇಚ್ ಪಟ್ಟಣದ ಬುರುಜಿಗೆ ಬೆಂಕಿ ಹಚ್ಚಲು ಹತ್ತಿರ ಬಂದಾಗ ಮೇಲಿನಿಂದ ಒಬ್ಬ ಹೆಂಗಸು ಬೀಸುವ ಕಲ್ಲನ್ನು ಅವನ ತಲೆಯ ಮೇಲೆ ಎತ್ತಿಹಾಕಿದಳು. ಹೆಂಗಸಿನ ಕೈಯಿಂದ ಸತ್ತನೆಂದು ಜನ ಆಡಿಕೊಳ್ಳಬಾರದೆಂದು ಅವನು ತನ್ನ ಆಯುಧ ಹೊರುವವನ ಕತ್ತಿಯಿಂದ ತನ್ನನ್ನು ತಿವಿಸಿಕೊಂಡು ಸತ್ತನು.